ಲೀಸ್ ಮುಗಿಯಿತು, ಕಾರು ಯಾರದು?

ನಮ್ಮ ಎಲೆಕ್ಟ್ರಿಕ್ ಕಾರಿನ ನಾಲ್ಕು ವರ್ಷದ ಲೀಸ್ ಈ ವರ್ಷದ ಆರಂಭದಲ್ಲಿ ಮುಗಿಯಿತು. ಇನ್ನೂ ಎರಡು ತಿಂಗಳು ಇರುವಾಗಲೇ ಲೀಸಿಂಗ್ ಕಂಪನಿಯವರು ಮೂರು ದಾರಿ ತಿಳಿಸಿದ್ದರು. ಕಾರನ್ನು ಕೊಂಡುಕೊಳ್ಳಿ, ಇಲ್ಲ ವಾಪಸ್ ಕೊಡಿ, ಅದೂ ಬೇಡವಾದರೆ ಇನ್ನೊಂದು ವರ್ಷ ಲೀಸ್ ಮುಂದುವರಿಸಿ. ಐಟಿ ಕಂಪನಿಗಳಲ್ಲಿ ಕೆಲಸ ಮಾಡುವ ಎಷ್ಟೋ ಜನ ಈಗ ಇದೇ ಜಾಗದಲ್ಲಿ ನಿಂತಿದ್ದಾರೆ. 2021-22ರ ಹೊತ್ತಿಗೆ ಲೀಸ್‌ನಲ್ಲಿ ಎಲೆಕ್ಟ್ರಿಕ್ ಕಾರು ತೆಗೆದುಕೊಂಡವರ ಅವಧಿ ಒಂದೊಂದಾಗಿ ಮುಗಿಯುತ್ತಿದೆ. ಅದಕ್ಕೇ ನಾವು ಹೇಗೆ ಯೋಚಿಸಿದೆವು ಅನ್ನೋದನ್ನು ಬರೆಯೋಣ ಅನ್ನಿಸಿತು.

ಮೊದಲು ಈ ಲೀಸ್ ಅಂದರೆ ಏನು ಅಂತ ಹೇಳಿಬಿಡುತ್ತೇನೆ. ಊರಲ್ಲಿ ನಮ್ಮಮ್ಮನಿಗೆ ವಿಷಯ ತಿಳಿಸಿದಾಗ ಅವರು ಕೇಳಿದ್ದು, "ಲೀಸ್ ಮುಗೀತಲ್ಲ, ದುಡ್ಡು ವಾಪಸ್ ಬರುತ್ತೆ ತಾನೆ?" ಅಂತ. ಅಮ್ಮ ಕೇಳಿದ್ದರಲ್ಲಿ ತಪ್ಪೇನೂ ಇಲ್ಲ. ಬೆಂಗಳೂರಿನಲ್ಲಿ ಮನೆ ಲೀಸ್‌ಗೆ ಹಾಕಿಕೊಳ್ಳುವುದು ಅಂದರೆ ಭೋಗ್ಯ. ಹತ್ತು ಲಕ್ಷ ಕೊಟ್ಟು ಮೂರು ವರ್ಷ ಇದ್ದು, ಬಿಡುವಾಗ ಆ ಹತ್ತು ಲಕ್ಷ ವಾಪಸ್ ಪಡೆಯುವುದು. ಕಾರಿನ ಲೀಸ್ ಇದಕ್ಕೆ ಪೂರಾ ಉಲ್ಟಾ. ತಿಂಗಳು ತಿಂಗಳು ಬಾಡಿಗೆ ಕಟ್ಟುತ್ತೇವೆ. ಕೊನೆಗೆ ಕೈಗೆ ಏನೂ ಬರುವುದಿಲ್ಲ. ಕಾರು ಬೇಕು ಅಂದರೆ ಮತ್ತೆ ದುಡ್ಡು ಕೊಡಬೇಕು. "ಅಯ್ಯೋ, ಹಂಗಾದ್ರೆ ಯಾಕ್ ತಗೊಂಡ್ರಿ?" ಅಂದರು ಅಮ್ಮ.

ತೆಗೆದುಕೊಂಡಿದ್ದು ತೆರಿಗೆ ಉಳಿಯುತ್ತೆ ಅಂತ. ಲೀಸ್ ಬಾಡಿಗೆಯನ್ನು ಕಂಪನಿ ನಮ್ಮ ಸಂಬಳದಿಂದ ತೆರಿಗೆಗೆ ಮೊದಲೇ ಮುರಿದುಕೊಳ್ಳುತ್ತದೆ. ಕಾರಿನ ಸೌಲಭ್ಯಕ್ಕೆ ಅಂತ ಒಂದು ಸಣ್ಣ ಮೊತ್ತವನ್ನಷ್ಟೇ ನಮ್ಮ ಆದಾಯಕ್ಕೆ ಸೇರಿಸುತ್ತಾರೆ. ನಮ್ಮ ಬಾಡಿಗೆ ತಿಂಗಳಿಗೆ 34,500 ರೂಪಾಯಿ. ವಿಮೆ, ಸರ್ವಿಸ್ ಎಲ್ಲ ಅದರಲ್ಲೇ. ಶೇ. 30ರ ತೆರಿಗೆ ಹಂತದಲ್ಲಿದ್ದ ನನಗೆ ಕೈಯಿಂದ ನಿಜವಾಗಿ ಹೋಗುತ್ತಿದ್ದದ್ದು ಸುಮಾರು 24,000. ಆಗ ಕರ್ನಾಟಕದಲ್ಲಿ ಎಲೆಕ್ಟ್ರಿಕ್ ಕಾರಿಗೆ ರಸ್ತೆ ತೆರಿಗೆ ಇರಲಿಲ್ಲ. ಜಿಎಸ್‌ಟಿ ಕೂಡ ಶೇ. 5 ಮಾತ್ರ.

ಇನ್ನು ಮೂರು ದಾರಿಗಳ ಲೆಕ್ಕಕ್ಕೆ ಬರುತ್ತೇನೆ. ನಮ್ಮ ಕಾರಿನ ಶೋರೂಂ ಬೆಲೆ 15.5 ಲಕ್ಷ. ಅದರ ಶೇ. 35, ಅಂದರೆ 5,42,500 ರೂಪಾಯಿ, ಲೀಸ್ ಮುಗಿದಾಗಿನ ಬೆಲೆ ಎಂದು ಮೊದಲೇ ಒಪ್ಪಂದದಲ್ಲಿ ಬರೆದಿತ್ತು. ತೆರಿಗೆ, ಹೆಸರು ವರ್ಗಾವಣೆ ಖರ್ಚು ಎಲ್ಲ ಸೇರಿ 6.2 ಲಕ್ಷಕ್ಕೆ ಬಂತು. ಇದು ಮೊದಲ ದಾರಿ.

ವಾಪಸ್ ಕೊಟ್ಟು ಹೊಸ ಕಾರು ಲೀಸ್‌ಗೆ ತೆಗೆದುಕೊಳ್ಳುವುದು ಎರಡನೆಯದು. ಹೆಚ್ಚು ದೂರ ಓಡುವ ಹೊಸ ಕಾರಿಗೆ ತೆರಿಗೆ ಉಳಿತಾಯ ಕಳೆದ ಮೇಲೂ ತಿಂಗಳಿಗೆ 32,000 ಆಗುತ್ತಿತ್ತು. ಜೊತೆಗೆ ಹಳೆ ಕಾರಿನ ಮೇಲಿನ ಗೀರು, ತಗ್ಗು ನೋಡಿ ಸಾಮಾನ್ಯ ಸವೆತಕ್ಕಿಂತ ಹೆಚ್ಚಿದ್ದರೆ ಅದಕ್ಕೂ ದುಡ್ಡು ಹಾಕುತ್ತಾರೆ. ನಮ್ಮ ಬೀದಿಯಲ್ಲಿ ಕಾರು ನಿಲ್ಲಿಸುವವರಿಗೆ ಈ ಮಾತಿನ ಅರ್ಥ ಚೆನ್ನಾಗಿ ಗೊತ್ತು.

ಇನ್ನೊಂದು ವರ್ಷ ಮುಂದುವರಿಸುವುದು ಮೂರನೆಯ ದಾರಿ. ಬಾಡಿಗೆ 17,000ಕ್ಕೆ ಇಳಿಯುತ್ತೆ. ವರ್ಷದ ಕೊನೆಗೆ 4.3 ಲಕ್ಷ, ಮೇಲೆ ತೆರಿಗೆ ಮತ್ತು ಖರ್ಚು ಕೊಟ್ಟು ಕೊಳ್ಳಬಹುದು. ತೆರಿಗೆ ಉಳಿತಾಯ ಕಳೆದರೆ ವರ್ಷದ ಬಾಡಿಗೆ ಸುಮಾರು 1.4 ಲಕ್ಷ. ಆಮೇಲೆ ಕೊಳ್ಳಲು 4.9 ಲಕ್ಷ. ಒಟ್ಟು 6.3. ಇದರಲ್ಲಿ ಆ ವರ್ಷದ ವಿಮೆ, ಸರ್ವಿಸ್ ಸೇರಿರುವುದರಿಂದ 30,000 ಕಳೆಯಿರಿ. 6 ಲಕ್ಷ ಆಯಿತು. ಈಗಲೇ ಕೊಳ್ಳುವುದಕ್ಕಿಂತ 20,000 ಅಗ್ಗ!

ಎಕ್ಸೆಲ್ ಹಾಳೆಯ ಪ್ರಕಾರ ಮೂರನೆಯದೇ ಸರಿ. ನನ್ನ ಗಂಡನೂ "ಮುಂದುವರಿಸೋಣ ಬಿಡು, ಒಂದು ವರ್ಷ ಯೋಚನೆ ಇಲ್ಲ" ಅಂದರು. ನಾನು ಮಾತ್ರ ಒಪ್ಪಲಿಲ್ಲ. ಅದಕ್ಕೆ ಕಾರಣ ಕಾರಲ್ಲ, ಕೆಲಸ.

ಕಳೆದ ವರ್ಷ ನಮ್ಮ ಆಫೀಸಿನಲ್ಲಿ ಕೆಲವು ತಂಡಗಳನ್ನು ಮುಚ್ಚಿದರು. ನನಗಿಂತ ಎರಡು ಸಾಲು ಆಚೆ ಕೂರುತ್ತಿದ್ದ ಒಬ್ಬ ಸಹೋದ್ಯೋಗಿಯ ಕಾರೂ ಲೀಸ್‌ನದ್ದೇ. ಕೆಲಸ ಹೋದಾಗ ಲ್ಯಾಪ್‌ಟಾಪ್, ಐಡಿ ಕಾರ್ಡ್ ಜೊತೆಗೆ ಕಾರಿನ ಲೆಕ್ಕವೂ ಮೇಜಿನ ಮೇಲೆ ಬಂತು. ಒಪ್ಪಂದದಲ್ಲಿ ಅದು ಮೊದಲೇ ಇರುತ್ತೆ. ಅವಧಿಯ ಮಧ್ಯೆ ಕೆಲಸ ಬಿಟ್ಟರೆ, ಬಿಡಿಸಿದರೂ, ಉಳಿದ ಬಾಕಿ ಕಟ್ಟಿ ಮುಗಿಸಬೇಕು. ಹೊಸ ಕಂಪನಿಗೂ ಅದೇ ಲೀಸಿಂಗ್ ಸಂಸ್ಥೆಯ ಜೊತೆ ಒಪ್ಪಂದ ಇದ್ದರೆ ವರ್ಗ ಮಾಡಿಸಬಹುದು. ಆತ ಪಿಎಫ್ ದುಡ್ಡು ತೆಗೆದು ಕಟ್ಟಬೇಕಾಯಿತು. ಸಂಬಳ ನಿಂತ ತಿಂಗಳಲ್ಲೇ ದೊಡ್ಡ ಮೊತ್ತ ಕೈಬಿಟ್ಟು ಹೋಗುವುದು ಎಂಥ ಹೊತ್ತು ನೋಡಿ.

ನನ್ನ ಕೆಲಸ ಹೋಗುತ್ತೆ ಅಂತ ಹೇಳುತ್ತಿಲ್ಲ. ಆದರೆ ಬಿಡಬೇಕಾಗಿ ಬರಬಹುದು. ತಿಪಟೂರಿನ ಹತ್ತಿರ ನಮ್ಮಪ್ಪ ತೆಂಗಿನ ತೋಟ ನೋಡಿಕೊಂಡು ಇದ್ದಾರೆ. ಎರಡು ವರ್ಷದ ಹಿಂದೆ ಅವರಿಗೆ ಬೈಪಾಸ್ ಆಯಿತು. ಮೂರು ತಿಂಗಳಿಗೊಮ್ಮೆ ಜಯದೇವಕ್ಕೆ ತೋರಿಸಲು ಕರೆದುಕೊಂಡು ಬರಬೇಕು. ಮನೆಯಿಂದಲೇ ಮಾಡುವಂಥ, ಸಂಬಳ ಸ್ವಲ್ಪ ಕಡಿಮೆಯಾದರೂ ಸರಿ, ಬೇರೆ ಕೆಲಸ ಸಿಕ್ಕರೆ ಹೋಗೋಣ ಅಂತ ಮನಸ್ಸಿನಲ್ಲಿ ಇದ್ದೇ ಇದೆ. ಸಣ್ಣ ಕಂಪನಿಗಳಲ್ಲಿ ಈ ಲೀಸ್ ಸೌಲಭ್ಯ ಇರುವುದಿಲ್ಲ. ಇನ್ನೊಂದು ವರ್ಷ ಸಹಿ ಹಾಕಿದರೆ, ಅಂಥ ಕರೆ ಬಂದಾಗ ಮೊದಲು ನೆನಪಾಗುವುದು ಕಾರಿನ ಬಾಕಿ. ವರ್ಷಕ್ಕೆ 20,000 ಉಳಿಸಲು ಅಷ್ಟು ಕೈ ಕಟ್ಟಿಸಿಕೊಳ್ಳಬೇಕಾ? ನಾನು ಕೇಳಿದ್ದು ಅಷ್ಟೇ.

ಹಾಗಾದರೆ ಕೊಳ್ಳುವುದು ಇಲ್ಲ ಬಿಡುವುದು, ಎರಡೇ ಉಳಿದವು. ಇಲ್ಲಿ ಬ್ಯಾಟರಿಯ ಪ್ರಶ್ನೆ ಬರುತ್ತೆ. ಹಳೆ ಪೆಟ್ರೋಲ್ ಕಾರಾದರೆ ಮೆಕ್ಯಾನಿಕ್ ಕಿವಿಗೊಟ್ಟು ಎಂಜಿನ್ ಸದ್ದು ಕೇಳಿ ಹೇಳುತ್ತಾನೆ. ಎಲೆಕ್ಟ್ರಿಕ್ ಕಾರಿನಲ್ಲಿ ಕೇಳಲು ಸದ್ದೇ ಇಲ್ಲ. ಹೊಸ ಬ್ಯಾಟರಿ ಹಾಕಿಸುವುದಾದರೆ ಕಾರಿನ ಬೆಲೆಯ ದೊಡ್ಡ ಪಾಲು ಅದಕ್ಕೇ ಹೋಗುತ್ತೆ. ಸರ್ವಿಸ್ ಸೆಂಟರ್‌ನಲ್ಲಿ ಕಂಪ್ಯೂಟರ್ ಹಾಕಿ ಬ್ಯಾಟರಿಯ ಆರೋಗ್ಯ ಎಷ್ಟು ಅಂತ ನೋಡಿಸಿದೆವು. ಇದನ್ನು ಎಸ್‌ಓಎಚ್ ಅನ್ನುತ್ತಾರೆ. ಹೊಸದರಲ್ಲಿ 100 ಇದ್ದದ್ದು 91ಕ್ಕೆ ಬಂದಿತ್ತು. 52,000 ಕಿ.ಮೀ. ಓಡಿದ ಕಾರಿಗೆ ಇದು ಚೆನ್ನಾಗಿದೆ ಅಂದರು.

ಅಂದರು ಅಂತ ನಂಬಿ ಕೂರಲಿಲ್ಲ. ನನ್ನದೇ ಒಂದು ಪರೀಕ್ಷೆ ಮಾಡಿದೆ. ನಾಗರಬಾವಿಯ ನಮ್ಮ ಮನೆಯಿಂದ ಅಪ್ಪನ ಮನೆಗೆ 140 ಕಿ.ಮೀ. ಹೊಸದರಲ್ಲಿ ಪೂರ್ತಿ ಚಾರ್ಜ್ ಮಾಡಿ, ಎಸಿ ಹಾಕಿಕೊಂಡು, 80ರ ವೇಗದಲ್ಲಿ ಹೋದರೆ ಊರು ಮುಟ್ಟುವಾಗ ಶೇ. 35 ಉಳಿದಿರುತ್ತಿತ್ತು. ಈ ಸಲ ಅದೇ ದಾರಿ, ಅದೇ ವೇಗ, ಉಳಿದದ್ದು ಶೇ. 29. ಅಂದರೆ ಆಗ 65 ತಿನ್ನುತ್ತಿದ್ದದ್ದು ಈಗ 71 ತಿನ್ನುತ್ತಿದೆ. 65ನ್ನು 71ರಿಂದ ಭಾಗಿಸಿದರೆ ಹೆಚ್ಚು ಕಡಿಮೆ 91-92. ಕಂಪ್ಯೂಟರ್ ಹೇಳಿದ್ದಕ್ಕೆ ತಾಳೆಯಾಯಿತು. ಒಂದು ಚಾರ್ಜ್‌ಗೆ 215 ಕಿ.ಮೀ. ಇದ್ದದ್ದು 197ಕ್ಕೆ ಇಳಿದಿದೆ. ತಿಪಟೂರಿಗೆ ಹೋಗಲು ಇದು ಧಾರಾಳ ಸಾಕು. ರಾತ್ರಿ ಅಲ್ಲಿ 15 ಆಂಪಿಯರ್ ಪಾಯಿಂಟ್‌ಗೆ ಚುಚ್ಚಿದರೆ, ಕರೆಂಟ್ ಕೈಕೊಡದಿದ್ದರೆ, ಬೆಳಗ್ಗೆ ವಾಪಸ್ ಬರಬಹುದು.

ನಮ್ಮ ಕಾರಿನದು ಎಲ್‌ಎಫ್‌ಪಿ ಬಗೆಯ ಬ್ಯಾಟರಿ. ಲಿಥಿಯಂ, ಕಬ್ಬಿಣ, ಫಾಸ್ಫೇಟ್‌ನದ್ದು. ನಿಕಲ್, ಕೋಬಾಲ್ಟ್ ಇರುವ ಬ್ಯಾಟರಿಗಿಂತ ತೂಕ ಜಾಸ್ತಿ. ಆದರೆ ಹೆಚ್ಚು ಸಲ ಚಾರ್ಜ್ ಮಾಡಿದರೂ ತಡೆಯುತ್ತೆ. ನಾವು ಬಹುಪಾಲು ಮನೆಯಲ್ಲೇ ನಿಧಾನವಾಗಿ ಚಾರ್ಜ್ ಮಾಡಿದ್ದೇವೆ. ಬ್ಯಾಟರಿಯನ್ನು ಬೇಗ ಸವೆಸುವುದು ಬಿಸಿ. ಬೆಂಗಳೂರು, ತಿಪಟೂರಿನ ಹವೆಯಲ್ಲಿ ಆ ಕಾಟವೂ ಕಡಿಮೆ. ಕಂಪನಿಯ ವಾರಂಟಿ 8 ವರ್ಷ ಅಥವಾ 1.6 ಲಕ್ಷ ಕಿ.ಮೀ., ಯಾವುದು ಮೊದಲೋ ಅದು. ಇನ್ನೂ ನಾಲ್ಕು ವರ್ಷ ಬಾಕಿ. ಆದರೆ ಇಲ್ಲೊಂದು ಎಚ್ಚರಿಕೆ. ಲೀಸ್ ಕಾರಿನಲ್ಲಿ ಕಾಗದದ ಮೇಲೆ ಮೊದಲ ಮಾಲೀಕರು ಲೀಸಿಂಗ್ ಕಂಪನಿ. ನಾವು ಎರಡನೆಯವರು. ಕೆಲವು ಕಾರುಗಳ ಬ್ಯಾಟರಿ ವಾರಂಟಿ ಮೊದಲ ಮಾಲೀಕರಿಗಷ್ಟೇ ಪೂರ್ತಿ ಸಿಗುತ್ತೆ. ನಮ್ಮದು ಎರಡನೆಯವರಿಗೂ ಮುಂದುವರಿಯುತ್ತೆ ಅಂತ ಬರವಣಿಗೆಯಲ್ಲಿ ತರಿಸಿಕೊಂಡ ಮೇಲೇ ಮುಂದಿನ ಮಾತು.

ಬೆಲೆ ಸರಿಯಾ ಅನ್ನೋದು ಇನ್ನೊಂದು. ಈ ನಾಲ್ಕು ವರ್ಷದಲ್ಲಿ ಎಲೆಕ್ಟ್ರಿಕ್ ಕಾರಿನ ಮಾರುಕಟ್ಟೆ ತಲೆಕೆಳಗಾಗಿದೆ. 2024ರ ಫೆಬ್ರವರಿಯಲ್ಲಿ ಟಾಟಾದವರು ನೆಕ್ಸಾನ್ ಇವಿ ಬೆಲೆಯನ್ನು 1.2 ಲಕ್ಷದವರೆಗೆ ಇಳಿಸಿದರು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಎಂಜಿ ವಿಂಡ್ಸರ್ 9.99 ಲಕ್ಷಕ್ಕೆ ಕಾರು, ಬ್ಯಾಟರಿಗೆ ಕಿ.ಮೀ.ಗೆ 3.5 ರೂ. ಬಾಡಿಗೆ ಅಂತ ಬಂತು. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಪೆಟ್ರೋಲ್ ಕಾರುಗಳ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿಯಿತು. ಹೊಸದು ಅಗ್ಗವಾದರೆ ಹಳೆಯದರ ಬೆಲೆಯೂ ಇಳಿಯಲೇಬೇಕಲ್ಲ. ಮೂರು ಕಡೆ ವಿಚಾರಿಸಿದೆವು. ನಮ್ಮಂಥದೇ ಕಾರನ್ನು ಅವರು ಮಾರುವ ಬೆಲೆ 7ರಿಂದ 7.5 ಲಕ್ಷ. ನಮ್ಮಿಂದ ಕೊಳ್ಳುವುದಾದರೆ 6.1ರಿಂದ 6.4. ನಮಗೆ ಬೀಳುವುದು 6.2. ಲಾಭವೂ ಇಲ್ಲ, ನಷ್ಟವೂ ಇಲ್ಲ.

ಈ ಹಂತದಲ್ಲಿ ಕಾಡಿದ್ದು ಒಟ್ಟು ಮೊತ್ತ. ನಾಲ್ಕು ವರ್ಷ ಕಟ್ಟಿದ್ದು 11.5 ಲಕ್ಷ, ಮೇಲೆ 6.2. ಒಟ್ಟು 17.7 ಲಕ್ಷಕ್ಕೆ ಹಳೆ ಕಾರಾ ಅನ್ನಿಸುತ್ತಿತ್ತು. ಆದರೆ ಆ 11.5 ನಾಲ್ಕು ವರ್ಷ ಓಡಾಡಿದ್ದಕ್ಕೆ ಕೊಟ್ಟದ್ದು. ಅದು ಮುಗಿದ ಲೆಕ್ಕ. ಕೊಂಡರೂ ಬರಲ್ಲ, ಬಿಟ್ಟರೂ ಬರಲ್ಲ. ಈಗ ಕೇಳಬೇಕಾದದ್ದು, ಈ ಕಾರನ್ನು ಇವತ್ತು ಬೇರೆ ಯಾರೋ 6.2 ಲಕ್ಷಕ್ಕೆ ಮಾರಲು ತಂದಿದ್ದರೆ ಕೊಳ್ಳುತ್ತಿದ್ದೆವಾ ಅನ್ನೋದು.

ಅದಕ್ಕೆ ಉತ್ತರ ಸಿಕ್ಕಿದ್ದು ಅಪ್ಪನಿಂದ. ಆಸ್ಪತ್ರೆಗೆ ಬಂದಿದ್ದಾಗ ನಮ್ಮ ಚರ್ಚೆ ಕೇಳಿಸಿಕೊಂಡು ಅಂದರು, "ಅಲ್ಲ ಕಣಮ್ಮ, ಬ್ಯಾರೆಯವರ ದನ ಆದ್ರೂ ನಾಕು ವರ್ಷ ಮೇಯ್ಸಿರೋಳು ನೀನು. ಅದರ ರೋಗ ರುಜಿನ ಎಲ್ಲ ನಿಂಗೊತ್ತು. ಸಂತೇಲಿ ಹಲ್ಲು ನೋಡ್ಕೊಂಡು ಹೊಸದು ತರೋದಕ್ಕಿಂತ ಇದು ವಾಸಿ ಅಲ್ವಾ?" ನಿಜ. ಸೆಕೆಂಡ್ ಹ್ಯಾಂಡ್ ಕಾರಿನಲ್ಲಿ ದೊಡ್ಡ ಭಯವೇ ಹಿಂದಿನವರು ಹೇಗೆ ಇಟ್ಟುಕೊಂಡಿದ್ದರೋ ಅನ್ನೋದು. ಇಲ್ಲಿ ಹಿಂದಿನವರೂ ನಾವೇ.

ದುಡ್ಡಿನ ವಿಷಯ. ಉಳಿತಾಯದಲ್ಲಿ 9 ಲಕ್ಷ ಇತ್ತು. ಪೂರ್ತಿ 6.2 ಅದರಿಂದಲೇ ಕೊಟ್ಟರೆ ಅಪ್ಪನಿಗೆ ಏನಾದರೂ ಆದಾಗ ಕೈ ಖಾಲಿ. ಪೂರ್ತಿ ಸಾಲ ಮಾಡಿದರೆ ಶೇ. 12ರ ಬಡ್ಡಿಯಲ್ಲಿ ನಾಲ್ಕು ವರ್ಷ ತಿಂಗಳಿಗೆ 16,300. ಕೊನೆಗೆ 3 ಲಕ್ಷ ನಮ್ಮದು, 3.2 ಲಕ್ಷ ಸಾಲ ಅಂತ ಮಾಡಿದೆವು. ಮೂರು ವರ್ಷಕ್ಕೆ ಕಂತು 10,600. ಸಾಲವೂ ಕಟ್ಟುಪಾಡೇ ಅಲ್ಲವಾ ಅಂತ ಗಂಡ ಕೇಳಿದರು. ಹೌದು. ಆದರೆ ನಾಳೆ ಕೆಲಸ ಬಿಟ್ಟರೆ ಈ ಕಾರನ್ನು ಮಾರಿ ಸಾಲ ತೀರಿಸಿ, ಒಂದಷ್ಟು ದುಡ್ಡು ಕೈಯಲ್ಲೂ ಉಳಿಸಿಕೊಳ್ಳಬಹುದು. ಲೀಸ್ ಕಾರನ್ನು ಮಾರುವ ಹಕ್ಕೇ ನಮಗಿರಲಿಲ್ಲ.

ಕೊಂಡ ಮೇಲೆ ಬಾಡಿಗೆಯಲ್ಲಿ ಅಡಗಿದ್ದ ಖರ್ಚೆಲ್ಲ ಹೊರಗೆ ಬಂತು. ವಿಮೆಗೆ 22,000. ಹಳೆ ಪಾಲಿಸಿಯ ನೋ ಕ್ಲೇಮ್ ಬೋನಸ್ ಅದು ಯಾರ ಹೆಸರಿನಲ್ಲಿತ್ತೋ ಅವರದು, ನಮಗೆ ಬರಲಿಲ್ಲ. ನಾಲ್ಕು ಟೈರ್‌ಗೆ 36,000. ಸರ್ವಿಸ್‌ಗೆ ವರ್ಷಕ್ಕೆ ಎಂಟು ಹತ್ತು ಸಾವಿರ. ಇದಕ್ಕೆ ಎದುರಾಗಿ ಓಡಿಸುವ ಖರ್ಚು ಮನೆಯ ಕರೆಂಟ್‌ನಲ್ಲಿ ಕಿ.ಮೀ.ಗೆ ಸುಮಾರು ಒಂದು ರೂಪಾಯಿ. ಇದೇ ಗಾತ್ರದ ಪೆಟ್ರೋಲ್ ಕಾರಿಗೆ ಏಳು ರೂಪಾಯಿ ಆಗುತ್ತೆ. ತಿಂಗಳಿಗೆ 1,100 ಕಿ.ಮೀ. ಓಡುವ ನಮಗೆ ಆ ವ್ಯತ್ಯಾಸವೇ ಕಂತಿನ ಅರ್ಧಕ್ಕಿಂತ ಹೆಚ್ಚು.

ಕಾಗದಪತ್ರದ ಕೆಲಸಕ್ಕೆ ಆರು ವಾರ ಹಿಡಿಯಿತು. ಲೀಸಿಂಗ್ ಕಂಪನಿಯ ಎನ್‌ಒಸಿ, ಆರ್‌ಟಿಒಗೆ ಫಾರಂ 29 ಮತ್ತು 30, ವಿಮೆ ಹೆಸರು ಬದಲಾವಣೆ, ಫಾಸ್ಟ್ಯಾಗ್. ಬಾಕಿ ಟ್ರಾಫಿಕ್ ದಂಡ ಇದೆಯಾ ಅಂತಲೂ ಮೊದಲೇ ನೋಡಿಕೊಳ್ಳಿ. ನಿಮ್ಮ ಲೀಸ್ ಮುಗಿಯಲು ಆರು ತಿಂಗಳು ಇರುವಾಗಲೇ ಒಪ್ಪಂದ ತೆಗೆದು ಓದಿ. ಬ್ಯಾಟರಿ ತೋರಿಸಿ, ಹೊರಗಿನ ಬೆಲೆ ವಿಚಾರಿಸಿ. ಬೆಲೆ ಹೆಚ್ಚಾಗಿದ್ದರೆ ಕಡಿಮೆ ಮಾಡಿ ಅಂತ ಕೇಳಲು ಸಂಕೋಚ ಬೇಡ. ನಮಗೆ ವರ್ಗಾವಣೆಯ ಸೇವಾ ಶುಲ್ಕ ಬಿಟ್ಟರು. ವರ್ಷಕ್ಕೆ ಐದಾರು ಸಾವಿರ ಕಿ.ಮೀ. ಮಾತ್ರ ಓಡುವವರಿಗೆ, ಬ್ಯಾಟರಿ 80ರ ಆಸುಪಾಸಿಗೆ ಬಂದಿರುವವರಿಗೆ ವಾಪಸ್ ಕೊಡುವುದೇ ಒಳ್ಳೆಯದಿರಬಹುದು. ಕೆಲಸ ಗಟ್ಟಿಯಾಗಿದ್ದು ಬದಲಿಸುವ ಯೋಚನೆ ಇಲ್ಲದವರಿಗೆ ಒಂದು ವರ್ಷ ಮುಂದುವರಿಸುವುದೂ ಲಾಭವೇ.

ಹೊಸ ಆರ್‌ಸಿ ಕಾರ್ಡ್‌ನಲ್ಲಿ ಈಗ ನನ್ನ ಹೆಸರಿದೆ. ಸಂಬಳದ ಚೀಟಿಯಲ್ಲಿ ಕಾರಿನ ಸಾಲೇ ಇಲ್ಲ. ಹೋದ ವಾರ ಒಂದು ಸಣ್ಣ ಕಂಪನಿಯವರು ಇಂಟರ್ವ್ಯೂಗೆ ಕರೆದಿದ್ದಾರೆ. ಸಿಗುತ್ತೋ ಇಲ್ಲವೋ, ಹೋಗಿ ಬರುತ್ತೇನೆ.