ಮನೆಗೊಂದು ಅಗಲ ಪರದೆ

ಫ್ರಿಜ್ ತರುವ ಮುನ್ನ ಅಡುಗೆ ಕೋಣೆಯ ಮೂಲೆಯನ್ನು ಅಳೆದು ನೋಡುವವರು ನಾವೇ. ಬಾಗಿಲು ಯಾವ ಕಡೆಗೆ ತೆರೆಯುತ್ತದೆ, ಕರೆಂಟ್ ಎಷ್ಟು ತಿನ್ನುತ್ತದೆ ಎಂದೆಲ್ಲ ಅಂಗಡಿಯವನನ್ನು ಕಾಡಿಸಿ ಕೇಳುತ್ತೇವೆ. ಆದರೆ ಕಂಪ್ಯೂಟರಿನ ವಿಷಯ ಬಂದರೆ ಮಾತ್ರ ‘ಅದೆಲ್ಲ ಮಕ್ಕಳಿಗೇ ಗೊತ್ತು’ ಎಂದು ಹಿಂದೆ ಸರಿಯುತ್ತೇವೆ. ಹಣ ಹೋಗುವುದು ಎರಡಕ್ಕೂ ಒಂದೇ ಪೆಟ್ಟಿಗೆಯಿಂದ ಅಲ್ಲವೇ?

ನಮ್ಮ ಮನೆಯಲ್ಲಿ ಈಗ ಅಂಥದೊಂದು ಚರ್ಚೆ ನಡೆದಿದೆ. ಮಗಳು ಬಿ.ಕಾಂ. ಮುಗಿಸಿ ಮನೆಯಲ್ಲೇ ಕುಳಿತು ಲೆಕ್ಕಪತ್ರದ ಕೆಲಸ ಮಾಡುತ್ತಾಳೆ. ಲ್ಯಾಪ್‌ಟಾಪಿನ ಪುಟ್ಟ ಪರದೆಯಲ್ಲಿ ಒಮ್ಮೆ ಟ್ಯಾಲಿ, ಒಮ್ಮೆ ಎಕ್ಸೆಲ್, ಮತ್ತೊಮ್ಮೆ ಜಿಎಸ್‌ಟಿಯ ಪುಟ. ಒಂದನ್ನು ನೋಡಿ ನೆನಪಿಟ್ಟುಕೊಂಡು ಇನ್ನೊಂದರಲ್ಲಿ ಬರೆಯಬೇಕು. ಸಂಜೆಯಾಗುವಾಗ ಕುತ್ತಿಗೆ ಹಿಡಿದುಕೊಂಡು ಏಳುತ್ತಾಳೆ. ಇಂಜಿನಿಯರಿಂಗ್ ಕಲಿಯುವ ಮಗನಿಗೆ ಸಂಜೆ ಹೊತ್ತು ಕಾರ್ ರೇಸಿನ ಆಟ ಬೇಕು. ಇಬ್ಬರಿಗೂ ಸೇರಿ ಒಂದು ‘ಅಲ್ಟ್ರಾವೈಡ್’ ಮಾನಿಟರ್ ಕೊಳ್ಳೋಣ ಎಂಬ ಸಲಹೆ ಅವನದು. ಮದ್ರಸದಲ್ಲೂ ಶಾಲೆಯಲ್ಲೂ ಪಾಠ ಮಾಡುವ ನನಗೆ ಅದು ತಿಂಗಳುಗಟ್ಟಲೆ ಕೂಡಿಟ್ಟ ಹಣ. ಹಾಗಾಗಿ ಫ್ರಿಜ್ ತರುವಾಗ ಕೇಳಿದಷ್ಟೇ ಪ್ರಶ್ನೆಗಳನ್ನು ಇದಕ್ಕೂ ಕೇಳಿದೆ.

ಸಾಮಾನ್ಯ ಮಾನಿಟರಿನಲ್ಲಿ ಅಗಲ 16 ಪಾಲಾದರೆ ಎತ್ತರ 9 ಪಾಲು. ಅಲ್ಟ್ರಾವೈಡ್‌ನಲ್ಲಿ ಅದೇ 9 ಪಾಲು ಎತ್ತರಕ್ಕೆ ಸುಮಾರು 21 ಪಾಲು ಅಗಲ. 2012ರಲ್ಲಿ ಎಲ್‌ಜಿ ಕಂಪನಿ ಈ ಆಕಾರದ 29 ಇಂಚಿನ ಮಾನಿಟರ್ ತಂದಿತ್ತು. ಇಲ್ಲಿ ಇಂಚಿನ ಲೆಕ್ಕ ಸ್ವಲ್ಪ ಮೋಸ ಮಾಡುತ್ತದೆ, ಏಕೆಂದರೆ ಇಂಚನ್ನು ಅಳೆಯುವುದು ಮೂಲೆಯಿಂದ ಮೂಲೆಗೆ. 34 ಇಂಚಿನ ಅಲ್ಟ್ರಾವೈಡ್ ಎಂದರೆ ಸುಮಾರು 80 ಸೆಂಟಿಮೀಟರ್ ಅಗಲ, 33 ಸೆಂಟಿಮೀಟರ್ ಎತ್ತರ. ಸಾಮಾನ್ಯ 27 ಇಂಚಿನ ಮಾನಿಟರಿನ ಎತ್ತರವೂ ಅಷ್ಟೇ. 29 ಇಂಚಿನದಂತೂ ಎತ್ತರದಲ್ಲಿ ಹಳೆಯ 23 ಇಂಚಿನಷ್ಟೇ ಇರುತ್ತದೆ; ಲೆಕ್ಕದ ಹಾಳೆ ಓದುವವರಿಗೆ ಅದು ಗಿಡ್ಡವೆನಿಸುತ್ತದೆ. ನಮ್ಮ ಮೇಜು ಮೂರಡಿ ಉದ್ದ, ಎಂದರೆ 91 ಸೆಂಟಿಮೀಟರ್. 34 ಇಂಚು ಅದರ ಮೇಲೆ ಕೂರುತ್ತದೆ, ಆದರೆ ಪಕ್ಕದಲ್ಲಿ ಫೈಲು ಇಡಲು ಜಾಗ ಉಳಿಯುವುದಿಲ್ಲ. ಮೇಜಿನ ಆಳವನ್ನೂ ಅಳೆಯಿರಿ. ಸ್ಟ್ಯಾಂಡ್ ಇಟ್ಟ ಮೇಲೆ ಕಣ್ಣಿಗೂ ಪರದೆಗೂ ಒಂದು ತೋಳಿನಷ್ಟಾದರೂ ಅಂತರ ಬೇಕು. ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕಿಂತ ಮೇಲೆ ಹೋಗಬಾರದು. ಎತ್ತರ ಏರಿಸಿ ಇಳಿಸಲು ಬರುವ ಸ್ಟ್ಯಾಂಡಿಗೆ ನಾಲ್ಕು ಕಾಸು ಹೆಚ್ಚು ಕೊಟ್ಟರೂ ನಷ್ಟವಿಲ್ಲ. ಕುತ್ತಿಗೆ ನೋವಿಗಾಗಿಯೇ ತಾನೇ ಇದೆಲ್ಲ?

ಇನ್ನು ಅಕ್ಷರದ ಸ್ಪಷ್ಟತೆ. ನನ್ನ ಮಟ್ಟಿಗೆ ಮುಖ್ಯವಾದದ್ದು ಇದೇ. ಅಗ್ಗದ 34 ಇಂಚಿನ ಪರದೆಗಳಲ್ಲಿ 2560 ಅಡ್ಡ, 1080 ಉದ್ದ ಚುಕ್ಕಿಗಳಿರುತ್ತವೆ. ಒಂದು ಇಂಚಿನಲ್ಲಿ ಸುಮಾರು 82 ಚುಕ್ಕಿ. ದುಬಾರಿಯದರಲ್ಲಿ 3440 ಮತ್ತು 1440. ಇಂಚಿಗೆ ಸುಮಾರು 110. ಅಂಗಡಿಯಲ್ಲಿ ಮಿನುಗುವ ಆಟದ ವಿಡಿಯೊ ಹಾಕಿ ತೋರಿಸುತ್ತಾರೆ, ಅದರಲ್ಲಿ ಎಲ್ಲ ಪರದೆಯೂ ಚೆಂದವೇ. ನಾನು ಕನ್ನಡದ ಒಂದು ಪುಟ ಮತ್ತು ಮಕ್ಕಳಿಗಾಗಿ ಟೈಪ್ ಮಾಡಿದ ಅರಬಿ ಪಾಠವೊಂದನ್ನು ತೆರೆಯಲು ಹೇಳಿದೆ. ಒತ್ತಕ್ಷರವೂ ಅರಬಿ ಅಕ್ಷರಗಳ ಮೇಲೆ ಕೆಳಗೆ ಬರುವ ಫತಹ, ಕಸ್ರಗಳೂ ಅಗ್ಗದ ಪರದೆಯಲ್ಲಿ ಕಲಸಿಹೋದಂತೆ ಕಂಡವು. ದಿನಕ್ಕೆ ಎಂಟು ಗಂಟೆ ಅಂಕಿ ಓದುವವಳಿಗೆ ಅದು ಆಗದು.

ಆದರೆ ಮಗನ ಆಕ್ಷೇಪದಲ್ಲೂ ಹುರುಳಿತ್ತು. “ಉಮ್ಮಾ, ಅಷ್ಟು ಚುಕ್ಕಿಗಳನ್ನು ಎಳೆಯಲು ನನ್ನ ಗ್ರಾಫಿಕ್ಸ್ ಕಾರ್ಡಿಗೆ ಕಷ್ಟ” ಎಂದ. ಅವನು ಈಗ ಆಡುವ ಪರದೆಯಲ್ಲಿ ಸುಮಾರು 20.7 ಲಕ್ಷ ಚುಕ್ಕಿಗಳು, ಇದರಲ್ಲಿ 49.5 ಲಕ್ಷ. ಆಟ ನಿಧಾನವಾಗುವುದು ನಿಜ. ಅದಕ್ಕೆ ಆಟದ ಸೆಟ್ಟಿಂಗ್ ತಗ್ಗಿಸಿಕೊಳ್ಳಬಹುದು. ಅಕ್ಷರ ಓದುವ ಕಣ್ಣಿಗೆ ಅಂಥ ಸೆಟ್ಟಿಂಗ್ ಇಲ್ಲ. ಹಾಗೆಯೇ ಎಲ್ಲ ಆಟಗಳೂ ಅಗಲ ಪರದೆಯನ್ನು ತುಂಬುವುದಿಲ್ಲ. 2022ರಲ್ಲಿ ಬಂದ ಹೆಸರಾಂತ ‘ಎಲ್ಡನ್ ರಿಂಗ್’ ಎರಡು ಬದಿಯಲ್ಲೂ ಕಪ್ಪು ಪಟ್ಟಿ ಬಿಟ್ಟೇ ಹೊರಬಂದಿತ್ತು. ಪ್ಲೇಸ್ಟೇಷನ್ 5 ಇರುವ ಮನೆಗೆ ಈ ಆಕಾರ ಹೇಳಿದ್ದಲ್ಲ. ಕಾರ್ ಓಡಿಸುವ ಆಟಕ್ಕೆ ಮಾತ್ರ ಅಕ್ಕಪಕ್ಕದ ರಸ್ತೆ ಕಾಣುವುದರಿಂದ ಬಹಳ ಒಪ್ಪುತ್ತದೆ.

ಪರದೆಯ ಜಾತಿಯನ್ನೂ ಕೇಳಿ. ಒಎಲ್‌ಇಡಿ ಆಟಕ್ಕೆ ಅತ್ಯುತ್ತಮ, ಆದರೆ ಟ್ಯಾಲಿಯ ಪಟ್ಟಿಯಂಥ ಕದಲದ ಚಿತ್ರ ದಿನವಿಡೀ ಒಂದೇ ಕಡೆ ನಿಂತರೆ ಕಾಲಕ್ರಮೇಣ ಅದರ ಕಲೆ ಉಳಿಯುವ ಭಯವಿದೆ. ವಿಎ ಪರದೆಯಲ್ಲಿ ಕಪ್ಪು ಗಾಢ, ಆದರೆ ಅನೇಕ ವಿಎ ಪರದೆಗಳಲ್ಲಿ ಕತ್ತಲ ದೃಶ್ಯ ವೇಗವಾಗಿ ಸರಿದಾಗ ಮಸಿ ಎಳೆದಂತಾಗುತ್ತದೆ. ಇಬ್ಬರಿಗೂ ನಡುವಿನ ದಾರಿ ಐಪಿಎಸ್. ವೇಗ 100 ಹರ್ಟ್ಜ್ ಇದ್ದರೆ ಮನೆಯ ಆಟಕ್ಕೆ ಸಾಕು. 144, 165 ಎಂದು ಏರುತ್ತಾ ಹೋದರೆ ಅಂಗಡಿಯವನಿಗೆ ಸಂತೋಷ. ಹಳೆಯ ಲ್ಯಾಪ್‌ಟಾಪಿನ ಎಚ್‌ಡಿಎಂಐ 1.4 ಇಂಥ ಪರದೆಗೆ 50 ಹರ್ಟ್ಜ್‌ನಷ್ಟೇ ಕೊಡುತ್ತದೆ, ಲೆಕ್ಕದ ಕೆಲಸಕ್ಕೆ ಅದರಿಂದ ತೊಂದರೆಯಿಲ್ಲ. ಮಗಳ ಲ್ಯಾಪ್‌ಟಾಪನ್ನೂ ಮಗನ ಡೆಸ್ಕ್‌ಟಾಪನ್ನೂ ಬೇರೆ ಬೇರೆ ತೂತಿಗೆ ಸಿಕ್ಕಿಸಿಟ್ಟರೆ ಗುಂಡಿ ಒತ್ತಿ ಬದಲಿಸಬಹುದು. ತಂತಿ ಕೀಳುವ ಜಗಳವಿಲ್ಲ.

ಹಣ ಕಡಿಮೆಯಿದ್ದರೆ ಎರಡು ಸಾಮಾನ್ಯ 24 ಇಂಚಿನವು ಕೆಲಸಕ್ಕೆ ಧಾರಾಳ. ನಡುವೆ ಗೆರೆ ಬರುತ್ತದೆ, ಮೇಜು ಉದ್ದ ಬೇಕು, ಅಷ್ಟೇ. ನಮ್ಮ ಮೂರಡಿ ಮೇಜಿಗೆ ಅದು ಹಿಡಿಯಲಿಲ್ಲ. ಇನ್ನೊಂದು ವಿಷಯ: 32 ಇಂಚಿಗಿಂತ ದೊಡ್ಡ ಮಾನಿಟರುಗಳ ಮೇಲೆ ಶೇ. 28 ಇದ್ದ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ. 18ಕ್ಕೆ ಇಳಿದಿದೆ. ಬಿಲ್ಲಿನಲ್ಲಿ ನೋಡಿಕೊಳ್ಳಿ. ಇದನ್ನು ನನಗೆ ಹೇಳಿದ್ದು ಮಗಳೇ.

34 ಇಂಚು, 3440, ಐಪಿಎಸ್, 100 ಹರ್ಟ್ಜ್ ಎಂದು ತೀರ್ಮಾನವಾಗಿದೆ. ಹಗಲು ಮಗಳಿಗೆ, ರಾತ್ರಿ ಊಟದ ನಂತರ ಒಂದು ಗಂಟೆ ಮಗನಿಗೆ. ಆದರೆ ತಿಂಗಳ 11ಕ್ಕೂ 20ಕ್ಕೂ ಜಿಎಸ್‌ಟಿ ರಿಟರ್ನ್‌ಗಳ ಗಡುವು ಇರುವುದರಿಂದ ಅದರ ಹಿಂದಿನ ಎರಡೆರಡು ರಾತ್ರಿಗಳೂ ತನಗೇ ಬೇಕೆಂದು ಮಗಳು ಕ್ಯಾಲೆಂಡರಿನಲ್ಲಿ ಈಗಲೇ ಗುರುತು ಹಾಕಿದ್ದಾಳೆ. ಮಗ ಇನ್ನೂ ಒಪ್ಪಿಲ್ಲ.