ಹೆಜ್ಜಾರ್ಲೆಯ ಊರಿನಲ್ಲಿ

ಯುಗಾದಿಗೆ ಮುಂಚೆ ತಾಳವಾಡಿಯಿಂದ ಶಾಲೆಯ ಮಕ್ಕಳೊಂದಿಗೆ ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರಿಗೆ ಹೋಗಿದ್ದೆವು. ಮನೆಗಳ ಪಕ್ಕದ ಹುಣಸೆಮರಗಳಲ್ಲೇ ಹೆಜ್ಜಾರ್ಲೆಯ ಗೂಡುಗಳು. ಮರಿಗಳ ಗಲಾಟೆ ಕೇಳಿ ನಮ್ಮ ಮಕ್ಕಳೇ ಸುಮ್ಮನಾದರು!

ಆಮೇಲೆ ಶಿಂಷಾ ನದಿಯ ದಡದಲ್ಲಿ ಕ್ಯಾಮೆರಾ ಹಿಡಿದು ಕೂತೆವು. ಕೊಕ್ಕಿನ ಕೆಳಗಿನ ಚೀಲವನ್ನು ಬಲೆಯಂತೆ ನೀರಿಗದ್ದಿ, ನೀರು ಬಸಿದು ಮೀನು ನುಂಗುವ ಆ ಒಂದು ಕ್ಷಣಕ್ಕೆ ಹತ್ತಾರು ಫೋಟೋ ತೆಗೆಯಬೇಕಾಯಿತು.

2017-18ರಲ್ಲಿ ಮೀನಿನಿಂದ ಬಂದ ಜಂತುಹುಳುಗಳಿಗೆ ಸಿಕ್ಕಿ ಇಲ್ಲಿ ಹತ್ತಾರು ಹೆಜ್ಜಾರ್ಲೆಗಳು ಸತ್ತವು. ಆದರೂ ಊರವರು ಕೈಬಿಟ್ಟಿಲ್ಲ. ಗೂಡಿನಿಂದ ಬಿದ್ದ ಮರಿಗಳಿಗೆ ಮೀನು ತಿನ್ನಿಸಿ, ಸಾಕಿ, ಹಾರಲು ಬಿಡುತ್ತಾರೆ.

ತಮಿಳಿನ 'ಕೂಳೈಕ್ಕಡಾ' ಮಾತ್ರ ಗೊತ್ತಿದ್ದ ನಮ್ಮ ಮಕ್ಕಳು ಈಗ ತರಗತಿಯ ಗೋಡೆಯ ಫೋಟೋ ಕೆಳಗೆ 'ಹೆಜ್ಜಾರ್ಲೆ' ಎಂದು ಬರೆದಿದ್ದಾರೆ. ಹಕ್ಕಿಯೂ ಉಳಿಯಲಿ, ಹೆಸರೂ ಉಳಿಯಲಿ.