ಪಿಟ್ಸ್‌ಬರ್ಗಿನಲ್ಲಿ ಅಜ್ಜಿಯ ಊಟ

ನನ್ನ ಮಗಳ ಮನೆ ಇರುವುದು ಅಮೆರಿಕದ ಪಿಟ್ಸ್‌ಬರ್ಗಿನಲ್ಲಿ. ನ್ಯೂಯಾರ್ಕಿನಂಥ ಮಹಾನಗರವೇನಲ್ಲ. ಜನಸಂಖ್ಯೆ ಸುಮಾರು 3 ಲಕ್ಷ, ಹೆಚ್ಚುಕಡಿಮೆ ನಮ್ಮ ಶಿವಮೊಗ್ಗದಷ್ಟೇ. ನಮ್ಮ ಕೂಡಲಿಯಲ್ಲಿ ತುಂಗೆ, ಭದ್ರೆ ಸೇರಿ ತುಂಗಭದ್ರೆಯಾಗುವ ಹಾಗೆ ಅಲ್ಲಿ ಅಲಿಘೇನಿ, ಮನಾಂಗಹೀಲಾ ಎಂಬ ಎರಡು ನದಿಗಳು ಊರ ನಡುವೆಯೇ ಸೇರಿ ಓಹಾಯೊ ನದಿಯಾಗುತ್ತವೆ. ಸುತ್ತ ಗುಡ್ಡ, ತಿರುಗಿದಲ್ಲೆಲ್ಲ ಸೇತುವೆ. ಊರು ನನಗೆ ಒಂದೇ ದಿನದಲ್ಲಿ ಹಿಡಿಸಿತು. ಊಟದ ವಿಷಯ ಮಾತ್ರ ಬೇರೆ.

ಮಗಳು, ಅಳಿಯ ಇಬ್ಬರಿಗೂ ಕೆಲಸ. ವಾರಕ್ಕೊಮ್ಮೆ ಹೊರಗೆ ಊಟ ಎಂಬುದು ಅವರ ಮನೆಯ ಪದ್ಧತಿ. ನಾನು ಸಸ್ಯಾಹಾರಿ. ಹಿಟ್ಟಿನಲ್ಲಿ ಕಲೆತುಹೋದ ಮೊಟ್ಟೆಯನ್ನು ಎಷ್ಟೋ ವರ್ಷದ ಹಿಂದೆಯೇ ಕ್ಷಮಿಸಿದ್ದೇನೆ. ಕಣ್ಣಿಗೆ ಕಾಣುವ ಮೊಟ್ಟೆ ಆಗದು. ಮೊದಲ ವಾರವೇ ಒಂದು ಹೋಟೆಲಿನಲ್ಲಿ ತರಕಾರಿ ಸೂಪು ಬಂತು. ಕ್ಯಾರೆಟ್ಟು, ಬೀನ್ಸು ಚೆಂದವಾಗಿ ತೇಲುತ್ತಿದ್ದವು. ಎರಡು ಚಮಚ ಒಳಗೆ ಹೋದ ಮೇಲೆ ಮಗಳಿಗೆ ಅನುಮಾನ ಬಂದು ವಿಚಾರಿಸಿದಳು. ಕೋಳಿ ಬೇಯಿಸಿದ ನೀರಿನಲ್ಲೇ ಆ ಸೂಪು ಮಾಡುವುದಂತೆ. ಮಾಂಸದ ತುಂಡು ಇಲ್ಲವಲ್ಲ, ಮತ್ತೇನು ತೊಂದರೆ ಎಂದು ಬಡಿಸುವವಳಿಗೆ ಆಶ್ಚರ್ಯ. ನಾನು ಏನೂ ಅನ್ನಲಿಲ್ಲ. ಮುಂದಿನ ವಾರ ಮಾತ್ರ "ನೀವು ಹೋಗಿ ಬನ್ನಿ, ನನಗೆ ಮೊಸರನ್ನ ಸಾಕು" ಎಂದೆ.

ಅವತ್ತು ನನ್ನ ಜೊತೆ ಮನೆಯಲ್ಲೇ ಉಳಿದವಳು ಮೊಮ್ಮಗಳು ಪುಟ್ಟಿ. ಹತ್ತು ವರ್ಷ. ಹೊರಗಿನವರ ಎದುರು ಬಾಯಿ ಬಿಡದ ಹುಡುಗಿ. ತರಗತಿಯಲ್ಲಿ ಮಾತೇ ಆಡುವುದಿಲ್ಲ ಎಂದು ಟೀಚರು ಎರಡು ಸಲ ಮನೆಗೆ ಬರೆದು ಕಳಿಸಿದ್ದರು. ಮಗಳಿಗೆ ಅದೇ ದೊಡ್ಡ ಚಿಂತೆ. ರಾತ್ರಿ ಪಾತ್ರೆ ಒರೆಸುವಾಗಲೂ ಅದೇ ಮಾತು. ನಾನು ಮೊಸರನ್ನ ಕಲೆಸುತ್ತಿರುವಾಗ ಪುಟ್ಟಿ ಒಂದು ಚೀಟಿ ಬರೆದು ತಂದಳು. ಅದರಲ್ಲಿ ಮೂರು ಪ್ರಶ್ನೆ: ಇದರಲ್ಲಿ ಮಾಂಸ ಇದೆಯಾ? ಮಾಂಸ ಬೇಯಿಸಿದ ನೀರು ಹಾಕಿದ್ದೀರಾ? ಹಂದಿ ಕೊಬ್ಬಿನಲ್ಲಿ ಕರಿದಿದ್ದೀರಾ?

"ಅಜ್ಜಿ, ಇನ್ನು ಮೇಲೆ ನಿನ್ನ ಪರವಾಗಿ ನಾನು ಕೇಳ್ತೀನಿ. ನೀನು ಬಾ."

ಮೊದಲು ಹೋದದ್ದು ಒಂದು ಚರ್ಚಿನ ನೆಲಮಾಳಿಗೆಗೆ! ಈಸ್ಟರಿಗೆ ಮುಂಚಿನ ವ್ರತದ ದಿನಗಳಲ್ಲಿ, ಶುಕ್ರವಾರ, ಕ್ಯಾಥೊಲಿಕರು ಮಾಂಸ ಮುಟ್ಟುವುದಿಲ್ಲ. ಮೀನು ಅವರ ಲೆಕ್ಕದಲ್ಲಿ ಮಾಂಸವಲ್ಲ, ಅದು ಬೇರೆ ಮಾತು. ಆ ಶುಕ್ರವಾರಗಳಲ್ಲಿ ಅಲ್ಲಿನ ಎಷ್ಟೋ ಚರ್ಚುಗಳಲ್ಲಿ ಊರವರಿಗೆಲ್ಲ ಊಟ ಮಾರುತ್ತಾರೆ. ಬಡಿಸುವವರಲ್ಲಿ ಹೆಚ್ಚಿನವರು ನನ್ನಂಥ ಅಜ್ಜಿಯರು. ಎಲೆಕೋಸು, ಈರುಳ್ಳಿ, ಅಗಲ ಶಾವಿಗೆಯನ್ನು ಬೆಣ್ಣೆಯಲ್ಲಿ ಬಾಡಿಸಿದ ಹಲೂಶ್ಕಿ ಎಂಬ ತಿನಿಸಿನ ಮುಂದೆ ಪುಟ್ಟಿ ನಿಂತಳು. ಚೀಟಿ ನೋಡಿ ಪಿಸುಗುಟ್ಟಿದಳು. ಬಡಿಸುವ ಅಜ್ಜಿಗೆ ಕಿವಿ ಮಂದ. ಎರಡನೇ ಸಲವೂ ಕೇಳಿಸಲಿಲ್ಲ. ಪುಟ್ಟಿ ನನ್ನ ಮುಖ ನೋಡಿದಳು. ಮಗಳು ಬಾಯಿ ತೆರೆದಳು, ನಾನು ಅವಳ ಕೈ ಅದುಮಿದೆ. ಮೂರನೇ ಸಲ ಪುಟ್ಟಿ ಕೇಳಿದ್ದು ಸಾಲಿನ ಕೊನೆಯವರಿಗೂ ಕೇಳಿಸಿತು.

"ಇವತ್ತು ಶುಕ್ರವಾರ ಅಲ್ಲವೇನಮ್ಮ? ಹಂದಿ ಮಾಂಸ ಹಾಕಿಲ್ಲ. ಬರೀ ಬೆಣ್ಣೆ" ಎಂದ ಆ ಅಜ್ಜಿ ನನ್ನ ತಟ್ಟೆಗೆ ಧಾರಾಳವಾಗಿ ಬಡಿಸಿದರು. ಪಕ್ಕದಲ್ಲೇ ಪಿರೋಗಿ. ನಮ್ಮ ಕರ್ಜಿಕಾಯಿಯ ಆಕಾರ. ಒಳಗೆ ಆಲೂಗಡ್ಡೆ, ಚೀಸಿನ ಹೂರಣ. ನೀರಿನಲ್ಲಿ ಬೇಯಿಸಿ ಬೆಣ್ಣೆಯಲ್ಲಿ ಹೊರಳಿಸುತ್ತಾರೆ. ಹಿಂದೆ ಪಿಟ್ಸ್‌ಬರ್ಗಿನ ಉಕ್ಕಿನ ಕಾರ್ಖಾನೆಗಳಿಗೆ ಪೋಲೆಂಡ್, ಸ್ಲೊವಾಕಿಯಾ ಕಡೆಯಿಂದ ದುಡಿಯಲು ಬಂದವರ ಜೊತೆ ಈ ಅಡುಗೆಯೂ ಬಂತು. ಒಂದು ಹಸಿಮೆಣಸಿನಕಾಯಿ ಜಜ್ಜಿ ಹಾಕಿದ್ದರೆ ಇನ್ನೂ ಸೊಗಸಾಗುತ್ತಿತ್ತು, ಇರಲಿ. ಮಕ್ಕಳೇ, ಅಲ್ಲಿನ ಬೇಸ್‌ಬಾಲ್ ಆಟದ ನಡುವೆ ಪಿರೋಗಿಯ ವೇಷ ಹಾಕಿದವರ ಓಟದ ಪಂದ್ಯವೂ ಇರುತ್ತದೆ! ಕಡುಬುಗಳು ಓಡುವುದನ್ನು ಬೇರೆಲ್ಲಿ ನೋಡುತ್ತೀರಿ?

ಶನಿವಾರ ಬೆಳಿಗ್ಗೆ ಹೋಗಬೇಕಾದ ಜಾಗ ಸ್ಟ್ರಿಪ್ ಡಿಸ್ಟ್ರಿಕ್ಟ್ ಎಂಬ ಹಳೆಯ ಮಂಡಿ ಬೀದಿ. 1902ರಿಂದ ಇರುವ ಪೆನ್ಸಿಲ್ವೇನಿಯಾ ಮ್ಯಾಕರೋನಿ ಕಂಪನಿಯಲ್ಲಿ ಚೀಸಿನ ರುಚಿ ನೋಡಿದೆವು. ಪಮೇಲಾಸ್ ಎಂಬಲ್ಲಿ ಅಂಚು ಗರಿಗರಿಯಾದ ತೆಳ್ಳನೆಯ ಪ್ಯಾನ್‌ಕೇಕ್; ಸಿಹಿ ದೋಸೆ ಎಂದುಕೊಂಡು ತಿಂದೆ. 1933ರಲ್ಲಿ ಶುರುವಾದ ಪ್ರಿಮಾಂಟಿ ಬ್ರದರ್ಸ್‌ನಲ್ಲಿ ಕರಿದ ಆಲೂಗಡ್ಡೆ, ಕೋಸಿನ ಕೋಸಂಬರಿ ಎಲ್ಲವನ್ನೂ ಬ್ರೆಡ್ಡಿನ ಒಳಗೇ ತುರುಕುತ್ತಾರೆ. ಲಾರಿ ಓಡಿಸುವವರು ಒಂದೇ ಕೈಯಲ್ಲಿ ತಿನ್ನಲೆಂದು ಹಾಗೆ ಮಾಡಿದರಂತೆ. ಅದನ್ನು ಅಳಿಯಂದಿರಿಗೆ ಬಿಟ್ಟೆ. ನನ್ನ ಬಾಯಿ ಅಷ್ಟು ದೊಡ್ಡದಾಗಿ ತೆರೆಯುವುದಿಲ್ಲ.

ಬಾಯಿ ತೀರಾ ಸಪ್ಪೆಯಾದಾಗ ಪೆನ್ ಹಿಲ್ಸ್‌ನ ಶ್ರೀ ವೆಂಕಟೇಶ್ವರ ದೇವಸ್ಥಾನವಿತ್ತು. 1970ರ ದಶಕದಲ್ಲಿ ಗುಡ್ಡದ ಮೇಲೆ ಕಟ್ಟಿದ ಬಿಳಿಯ ಗುಡಿ. ದರ್ಶನ ಮುಗಿಸಿ ಅಲ್ಲಿನ ಕ್ಯಾಂಟೀನಿಗೆ ಇಳಿದರೆ ಪುಳಿಯೋಗರೆ, ಮೊಸರನ್ನ. ಅಲ್ಲಿ ಚೀಟಿಯ ಕೆಲಸವೇ ಇಲ್ಲ. ಆದರೂ ಪುಟ್ಟಿ ಬಿಡದೆ "ಖಾರ ಎಷ್ಟಿದೆ?" ಎಂದು ಕೇಳಿದಳು, ತನಗಾಗಿ.

ಹೋಗುವ ಅಜ್ಜ-ಅಜ್ಜಿಯರಿಗೆ ಎರಡು ಮಾತು. ಕೂತು ತಿನ್ನುವ ಹೋಟೆಲುಗಳಲ್ಲಿ ಬಿಲ್ಲಿನ ಮೇಲೆ ನೂರಕ್ಕೆ 18-20ರಷ್ಟು ಟಿಪ್ಸ್ ಕೊಡುವುದು ರೂಢಿ. ಲೆಕ್ಕ ಹಾಕಿ ಸಂಕಟಪಡಬೇಡಿ. ತಟ್ಟೆಯಲ್ಲಿ ಇಬ್ಬರಿಗಾಗುವಷ್ಟು ಬರುತ್ತದೆ. ಉಳಿದದ್ದನ್ನು ಡಬ್ಬಿಗೆ ಹಾಕಿಸಿಕೊಂಡು ಹೋಗಲು ಅಲ್ಲಿ ಯಾರಿಗೂ ನಾಚಿಕೆಯಿಲ್ಲ.

ಜುಲೈ ಹೊತ್ತಿಗೆ ಚೀಟಿ ಮಡಿಕೆಯಲ್ಲಿ ಹರಿದಿತ್ತು. ಪುಟ್ಟಿ ಹೊಸದು ಬರೆದಾಗ ನಾಲ್ಕನೆಯ ಪ್ರಶ್ನೆ ಸೇರಿತ್ತು: ನಮ್ಮ ಅಜ್ಜಿಗೆ ಬೆನ್ನಿಗೆ ಒರಗುವ ಕುರ್ಚಿ ಇದೆಯಾ?

ಈ ಡಿಸೆಂಬರಿನಲ್ಲಿ ಅವರು ಶಿವಮೊಗ್ಗಕ್ಕೆ ಬರುತ್ತಾರೆ. ಇಲ್ಲಿನ ಹೋಟೆಲಿನಲ್ಲೂ ತಾನೇ ಕೇಳಬೇಕಂತೆ, ಅದೂ ಕನ್ನಡದಲ್ಲಿ. ವಾರಕ್ಕೆರಡು ಸಲ ಫೋನಿನಲ್ಲಿ ಅಭ್ಯಾಸ ನಡೆದಿದೆ. ನಾನು ಮಾಣಿ, ಅವಳು ಗಿರಾಕಿ. "ಖಾಲಿ ದೋಸೆಗೆ ಸಾಗು ಇದೆಯಾ?" ಎನ್ನುವವರೆಗೆ ಬಂದಿದ್ದಾಳೆ. "ದೋಸೆ ಖಾಲಿ ಅಂದ್ರೆ ಮತ್ತೆ ತಿನ್ನೋದೇನು ಅಜ್ಜಿ?" ಎಂಬ ಅವಳ ಪ್ರಶ್ನೆಗೆ ನಾನಿನ್ನೂ ಉತ್ತರ ಕೊಟ್ಟಿಲ್ಲ.